ಕೆಂಚ, ಕರಿಯ ಮತ್ತು 401ಕೆ

ಐವತ್ನಾಲ್ಕಕ್ಕೆ ನನಗೆ ಬುದ್ಧಿ ಬಂತು. ಚಾಳೀಸು ಅದಕ್ಕಿಂತ ಹತ್ತು ವರ್ಷ ಮೊದಲೇ ಬಂದಿತ್ತು. ಆಸ್ಟಿನ್‌ನ ನಮ್ಮ ಮನೆಯ ಊಟದ ಮೇಜಿನ ಮೇಲೆ ಕಾಗದಪತ್ರ ಹರಡಿಕೊಂಡು, ಅರವತ್ತೇಳಕ್ಕೆ ಕೆಲಸ ಬಿಟ್ಟರೆ ಆಮೇಲೆ ತಿನ್ನುವುದೇನು ಎಂದು ಲೆಕ್ಕ ಹಾಕಲು ಕೂತೆ. ಎರಡು ನಿಮಿಷವೂ ಆಗಿರಲಿಲ್ಲ, ಕೆಂಚ ಬಂದು ಬ್ಯಾಂಕಿನ ಕಾಗದದ ಮೇಲೆ ಮಲಗಿದ. ಕರಿಯ ಕ್ಯಾಲ್ಕ್ಯುಲೇಟರಿನ ಮೇಲೆ ಕಾಲಿಟ್ಟ. ಅವನು ಒತ್ತಿ ತೋರಿಸಿದ ಮೊತ್ತ ನನ್ನ ಉಳಿತಾಯಕ್ಕಿಂತ ಎಷ್ಟೋ ದೊಡ್ಡದಿತ್ತು. ಅದನ್ನೇ ಬರೆದುಕೊಂಡುಬಿಡಲೇ ಎನಿಸಿತು.

ಬೆಕ್ಕುಗಳು ನನ್ನವಲ್ಲ, ಮಗಳವು. 'ಅಪ್ಪಾ, ಒಂದೇ ಸೆಮಿಸ್ಟರ್ ನೋಡ್ಕೊ' ಎಂದು ಬಿಟ್ಟುಹೋದಳು. ಅವಳ ಕಾಲೇಜು ಮುಗಿಯಿತು, ಸಿಯಾಟಲ್‌ನಲ್ಲಿ ನೌಕರಿಯೂ ಸಿಕ್ಕಿತು, ಬೆಕ್ಕುಗಳ ಸೆಮಿಸ್ಟರ್ ಮಾತ್ರ ಮುಗಿಯಲೊಲ್ಲದು. ಅವಳಿಟ್ಟ ಹೆಸರು ಲಾಟೆ, ಪಿಕ್ಸೆಲ್. ನಮ್ಮೂರು ತೆಲಿಗಿಯಿಂದ ವಿಡಿಯೋ ಕಾಲಿನಲ್ಲಿ ನೋಡಿದ ಅವ್ವ, 'ಬಾಯಿಗೆ ಬರದ ಹೆಸರು ಯಾಕಪಾ' ಎಂದು ಬಣ್ಣ ನೋಡಿ ನಾಮಕರಣ ಮಾಡಿದಳು. ಬೆಕ್ಕುಗಳಿಗೂ ಅದೇ ಹಿಡಿಸಿತು. ಅಂದರೆ, ಯಾವ ಹೆಸರಿಗೆ ಕರೆದರೂ ಅವು ಬರುವುದಿಲ್ಲ.

ಇಷ್ಟು ತಡವಾದದ್ದು ಯಾಕೆ ಎಂದು ಕೇಳಬೇಡಿ. ಕೇಳಿದರೆ ಹೇಳುತ್ತೇನೆ. ಇಪ್ಪತ್ತೆರಡು ವರ್ಷದಿಂದ ನಾವು 'ಬರೋ ವರ್ಷ ಊರಿಗೆ ವಾಪಸ್' ಹೋಗುವವರು. ಬರುವ ವರ್ಷ ಹೊರಡುವವನು ಪರಸ್ಥಳದಲ್ಲಿ ಹಗೇವು ಯಾಕೆ ತೋಡಬೇಕು?

ಹಗೇವು ಗೊತ್ತಿಲ್ಲದವರಿಗೆ ಒಂದು ಮಾತು. ನಮ್ಮ ಹರಪನಹಳ್ಳಿ ಸೀಮೆಯಲ್ಲಿ ಅಜ್ಜನ ಕಾಲಕ್ಕೆ ಜೋಳವನ್ನು ನೆಲದೊಳಗೇ ಇಡುತ್ತಿದ್ದರು. ಮೇಲೆ ಸಣ್ಣ ಬಾಯಿ, ಒಳಗೆ ಆನೆಯ ಹೊಟ್ಟೆ. ಸುತ್ತ ಹುಲ್ಲು ಕೊಟ್ಟು, ಜೋಳ ಸುರಿದು, ಬಾಯಿಗೆ ಕಲ್ಲುಚಪ್ಪಡಿ ಎಳೆದು ಮಣ್ಣು ಮೆತ್ತಿದರೆ ಮುಗಿಯಿತು. ಮನಸ್ಸು ಬಂದಾಗ ತೆಗೆಯುವ ಹಾಗಿಲ್ಲ. ತೆಗೆದ ಕೂಡಲೇ ಇಳಿಯುವ ಹಾಗೂ ಇಲ್ಲ. ಒಳಗಿನ ಗಾಳಿ ಆಳನ್ನು ಕೆಡವುತ್ತದೆ. ಮೊದಲು ಕಂದೀಲು ಇಳಿಬಿಡಬೇಕು, ಅದು ಆರದಿದ್ದರೆ ಮಾತ್ರ ಮನುಷ್ಯ.

ಅಮೆರಿಕದ 401ಕೆ ಎಂಬ ನಿವೃತ್ತಿ ಖಾತೆಯೂ ಅಪ್ಪಟ ಹಗೇವು ಎಂದು ನನಗೆ ಹೊಳೆದದ್ದೇ ಈಗ. ಐವತ್ತೊಂಬತ್ತೂವರೆ ವರ್ಷದವರೆಗೆ ಚಪ್ಪಡಿ ಎತ್ತುವ ಹಾಗಿಲ್ಲ. ಎತ್ತಿದರೆ ತೆರಿಗೆಯ ಜೊತೆಗೆ ಸಾಮಾನ್ಯವಾಗಿ ಶೇ. 10 ದಂಡ, ಕಂದೀಲು ಅಲ್ಲೇ ಆರುತ್ತದೆ. ನೀನು ಒಂದು ಸೇರು ಸುರಿದರೆ ಕಂಪನಿ ಅರ್ಧ ಸೇರು ತಾನು ಸುರಿಯುತ್ತದೆ ಎಂದು ವರ್ಷಾ ವರ್ಷ ಪತ್ರ ಬರುತ್ತಿತ್ತು. ಅದನ್ನು ಓದದೆ, ಊರಲ್ಲಿ ಮೂರು ಬೋರು ಕೊರೆಸಿದೆ. ಎರಡರಲ್ಲಿ ದೂಳು ಬಂತು. ದೀರ್ಘಾವಧಿ ಹೂಡಿಕೆ ಆಳವಾಗಿರಬೇಕು ಎಂದು ಯಾರೋ ಹೇಳಿದ್ದನ್ನು ನಾನು ಅಡಿಗಳಲ್ಲಿ ಅರ್ಥ ಮಾಡಿಕೊಂಡಿದ್ದೆ. ಉಳಿದ ದುಡ್ಡಿಗೆ ಎರಡೆಕರೆ ಹೊಲ ಹಿಡಿಯೋಣವೆಂದರೆ, ಅನಿವಾಸಿಗಳು ಭಾರತದಲ್ಲಿ ಕೃಷಿ ಭೂಮಿ ಕೊಳ್ಳುವಂತಿಲ್ಲವಂತೆ, ಪಿತ್ರಾರ್ಜಿತವಾಗಿ ಬಂದರೆ ಸರಿಯಂತೆ. ಇದನ್ನು ಅವ್ವನಿಗೆ ವಿವರಿಸಬಾರದಿತ್ತು. 'ಹಂಗಾರ ನಾನು ಸಾಯೋದನ್ನ ಕಾಯಬೇಕೇನಪಾ?' ಎಂದಳು.

ಆದರೂ ಪುಣ್ಯಾತ್ಮರು ಮುಂಗಾರಿ ತಪ್ಪಿಸಿಕೊಂಡವರಿಗೆ ಒಂದು ಹಿಂಗಾರಿ ಇಟ್ಟಿದ್ದಾರೆ. 2025ರ ಲೆಕ್ಕದಲ್ಲಿ ಈ ಹಗೇವಿಗೆ ಎಲ್ಲರೂ 23,500 ಡಾಲರ್ ಸುರಿಯಬಹುದಿತ್ತು, ಐವತ್ತು ದಾಟಿದವರು ಇನ್ನೂ 7,500. ಹೆಸರು ಕ್ಯಾಚ್-ಅಪ್. ಅವ್ವ ಅದನ್ನು ಟೊಮೆಟೊ ಕೆಚಪ್ ಎಂದೇ ತಿಳಿದಿದ್ದಾಳೆ, ಇಷ್ಟು ದುಡ್ಡಿಗೆ ಅದನ್ನು ಯಾರು ತಿನ್ನುತ್ತಾರೋ ಎಂಬ ಚಿಂತೆ ಅವಳದು.

ಸುರಿಯಲು ಉಳಿಯಬೇಕಲ್ಲ. ಒಂದು ತಿಂಗಳು ಖರ್ಚು ಬರೆದಿಟ್ಟೆವು. ಅಕ್ಕಿ ಬೇಳೆ ಒಂದು ಸಾಲು, ಬೆಕ್ಕು ಐದು ಸಾಲು: ಊಟ, ಮೂತ್ರಪಿಂಡಕ್ಕೆ ಒಗ್ಗುವ ಬೇರೆ ಊಟ, ಮಣ್ಣು, ವಿಮೆ, ಹಲ್ಲು. ಮಣ್ಣನ್ನು ದುಡ್ಡು ಕೊಟ್ಟು ತರುತ್ತೇವೆ ಎಂಬುದನ್ನು ತೆಲಿಗಿಯಲ್ಲಿ ನಾನು ಯಾರಿಗೂ ಹೇಳಿಲ್ಲ. ಕೆಂಚನ ಹಲ್ಲು ತೊಳೆಸಿದ ಬಿಲ್ಲು ನೋಡಿ ಮೂರು ದಿನ ನನ್ನ ಹಲ್ಲು ನೋಯಿತು.

ಇದೇ ಆಸ್ಟಿನ್‌ನಲ್ಲಿ ಕ್ರೀಮ್ ಪಫ್ ಎಂಬ ಬೆಕ್ಕು 1967ರಲ್ಲಿ ಹುಟ್ಟಿ 2005ರವರೆಗೆ, 38 ವರ್ಷ 3 ದಿನ ಬಾಳಿ ಗಿನ್ನೆಸ್ ಸೇರಿದೆ. ಹೆಂಡತಿ ಇದನ್ನು ಓದಿ ಹೇಳಿದ ರಾತ್ರಿ ನಿದ್ದೆ ಬರಲಿಲ್ಲ. ಕೆಂಚನಿಗೆ ಈಗ ಆರು. ಆಸ್ಟಿನ್ ನೀರು ಅವನಿಗೂ ಹಾಗೇ ಹಿಡಿದರೆ, ಅವನು ಹೋಗುವಾಗ ನನಗೆ ಎಂಬತ್ತಾರು. ನಿವೃತ್ತಿಯ ಲೆಕ್ಕದ ಫಾರಂಗಳಲ್ಲಿ ಹೆಂಡತಿಯ ಆಯುಸ್ಸು ಕೇಳುತ್ತಾರೆ, ಬೆಕ್ಕಿನದ್ದು ಕೇಳುವುದಿಲ್ಲ. ನಿದ್ದೆ ಬಾರದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಹಿರಿಯರೇನೋ ಹೇಳಿದರು, ಹಾಸಿಗೆಯ ಕಾಲ್ದೆಸೆಯಲ್ಲಿ ಎರಡು ಬೆಕ್ಕು ಅಡ್ಡ ಮಲಗಿದರೆ ಏನು ಮಾಡಬೇಕೆಂದು ಹೇಳಲಿಲ್ಲ.

ಊರಿನ ನಮ್ಮ ಮನೆಯಲ್ಲಿ ನಾನು ಚಿಕ್ಕವನಿದ್ದಾಗಲೂ ಬೆಕ್ಕಿತ್ತು. ಅದಕ್ಕೆ ಹೆಸರಿರಲಿಲ್ಲ, ಕೆಲಸವಿತ್ತು. ಜೋಳದ ಚೀಲದ ಮೂಲೆಯಲ್ಲಿ ರಾತ್ರಿ ಪಾಳಿ. ಸಂಬಳ, ಹಾಲು ಕರೆದಾಗ ಒಂದು ತಟ್ಟೆ. ಅದು ಅಪ್ಪನ ಹಣಕಾಸು ಯೋಜನೆಯ ಒಳಗಿತ್ತು. ಹಾಗೆ ನೋಡಿದರೆ ನಾನೂ ಇದ್ದೆ. ಅವನ ಪಿಂಚಣಿ ನಾನೇ. ನನ್ನ ಪಿಂಚಣಿ ಸಿಯಾಟಲ್‌ನಲ್ಲಿ ಬಾಡಿಗೆ ಕಟ್ಟಿ ಸುಸ್ತಾಗಿ, ತಿಂಗಳಿಗೊಮ್ಮೆ ಫೋನು ಮಾಡಿ ಮೊದಲು ಬೆಕ್ಕನ್ನು ತೋರಿಸು ಎನ್ನುತ್ತದೆ.

ಈಚೆಗೆ ಉಯಿಲಿನ ಮಾತು ಬಂತು. ನಮ್ಮ ನಂತರ ಬೆಕ್ಕು ಯಾರಿಗೆ? ಮಗಳ ಬಾಡಿಗೆ ಮನೆಯಲ್ಲಿ ಬೆಕ್ಕಿಗೆ ಪ್ರವೇಶವಿಲ್ಲ. ಅಮೆರಿಕದ ಐವತ್ತೂ ರಾಜ್ಯಗಳಲ್ಲಿ ಸಾಕುಪ್ರಾಣಿಗಾಗಿ ಟ್ರಸ್ಟ್ ಮಾಡಿಡಲು ಕಾನೂನಿದೆ ಎಂದು ಅವ್ವನಿಗೆ ಹೇಳಿದೆ.

'ಬೆಕ್ಕಿಗೆ ಆಸ್ತಿ ಬರಿಯಾಕತ್ತೀಯೇನು?'

'ಆಸ್ತಿ ಅಲ್ಲವ್ವಾ, ಊಟದ ಖರ್ಚು.'

'ಇಲ್ಲಿಗೆ ಕಳಿಸಿಬಿಡು ತಮ್ಮಾ. ಮೆಕ್ಕೆಜೋಳದ ಚೀಲಕ್ಕ ಇಲಿ ಹತ್ಯಾವ. ದುಡಕೊಂಡು ತಿಂತಾವ.'

ಆಗಲಿ ನೋಡೋಣ ಎಂದೆ. ಹೋದ ವಾರ ನಮ್ಮ ಗ್ಯಾರೇಜಿಗೆ ಒಂದು ಇಲಿ ಬಂದಾಗ ಎರಡೂ ನನ್ನ ಕಾಲ ಹಿಂದೆ ಬಂದು ನಿಂತಿದ್ದವು ಎಂದು ಅವಳಿಗೆ ಹೇಳಲಿಲ್ಲ. ಇಲಿ ಹಿಡಿಯಲು ದುಡ್ಡು ಕೊಟ್ಟು ಜನರನ್ನು ಕರೆಸಿದೆವು. ಆ ಖರ್ಚನ್ನು ಇಲಿಯ ಲೆಕ್ಕಕ್ಕೆ ಬರೆಯಬೇಕೋ, ಬೆಕ್ಕಿನ ಆರನೇ ಸಾಲಿಗೆ ಸೇರಿಸಬೇಕೋ ಎಂದು ಹೆಂಡತಿ ಪೆನ್ನು ಹಿಡಿದು ಕೇಳುತ್ತಿದ್ದಾಳೆ. ಪುಸ್ತಕದ ಮೇಲೆ ಕರಿಯ ಮಲಗಿದ್ದಾನೆ, ಎಬ್ಬಿಸುವ ಹಾಗಿಲ್ಲ.