ಗೌರವ ಕಾರ್ಯದರ್ಶಿಗಳು

ಮುಂಬಯಿಯ ಗಾಮದೇವಿ, ದಾದರ, ಮಾಟುಂಗಾ ಮೊದಲಾದ ಹಳೆಯ ಬಡಾವಣೆಗಳಲ್ಲಿ, ಎರಡನೆಯ ಮಹಾಯುದ್ಧಕ್ಕೆ ಮುನ್ನವೇ ತಲೆಯೆತ್ತಿ, ಇಂದಿಗೂ ತೇಗದ ಕಟಾಂಜನದ ಮೆಟ್ಟಿಲುಗಳನ್ನು ಬಿಟ್ಟುಕೊಡದೆ ನಿಂತಿರುವ ಸಹಕಾರಿ ಗೃಹಸಂಘಗಳ ಕಟ್ಟಡಗಳಲ್ಲಿ ವಾಸಮಾಡಿದವರಿಗೆ, ಗೌರವ ಕಾರ್ಯದರ್ಶಿಗಳೆಂಬ ಮಹನೀಯರನ್ನು ನಾನು ಪರಿಚಯಿಸಬೇಕಾದ ಅವಶ್ಯಕತೆಯಿಲ್ಲ. ಕರ್ನಾಟಕದ ಕಡೆಯವರಾಗಿದ್ದ ಪಕ್ಷದಲ್ಲಿ ಇವರು ಪ್ರಾಯಶಃ ರಾಯರೆಂದೇ ಕರೆಯಲ್ಪಡುವರು. ರೈಲ್ವೆಯ ಲೆಕ್ಕಪತ್ರ ಶಾಖೆಯಿಂದ ನಿವೃತ್ತರಾದ ಮರುದಿನ ಸಂಘದ ಬೈಲಾ ಪುಸ್ತಕವನ್ನು ಕೈಗೆತ್ತಿಕೊಂಡವರು ಅದನ್ನು ಈವರೆಗೂ ಕೆಳಗಿಟ್ಟಿಲ್ಲ. ಹುದ್ದೆಗೆ ಸಂಬಳವಿಲ್ಲ, ಗೌರವವನ್ನು ಮಾತ್ರ ಬಡ್ಡಿಸಮೇತ ವಸೂಲು ಮಾಡಿಕೊಳ್ಳುವರು.

ಹೊಸದಾಗಿ ಬಂದವನು ನೀರು ಎಷ್ಟು ಹೊತ್ತಿಗೆ ಬರುವುದೆಂದು ಕೇಳಿದರೆ ಸಾಕು, ರಾಯರು 1862ನೆಯ ಇಸವಿಯಿಂದ ಪ್ರಾರಂಭಿಸುವರು. ಆ ವರ್ಷ ಉತ್ತರ ಕನ್ನಡ ಜಿಲ್ಲೆಯು ಮದ್ರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿದುದು, ಅಲ್ಲಿಯ ವಿದ್ಯಾವಂತರು ಉದ್ಯೋಗವನ್ನರಸಿ ಈ ನಗರಕ್ಕೆ ಬಂದುದು, ಅವರ ಪೈಕಿ ರಾವ್ ಬಹಾದ್ದೂರ್ ಶ್ರೀಪಾದ ಸುಬ್ರಾವ್ ತಲ್ಮಕಿಯವರು 1906ರಲ್ಲಿ ಶಾಮರಾವ್ ವಿಠ್ಠಲ ಸಹಕಾರಿ ಪತ್ತಿನ ಸಂಘವನ್ನು ಸ್ಥಾಪಿಸಿ, 1915ರಲ್ಲಿ ಗಾಮದೇವಿಯ ಸಾರಸ್ವತ ಸಹಕಾರಿ ಗೃಹಸಂಘದ ಮೂಲಕ ಈ ದೇಶಕ್ಕೇ ದಾರಿ ತೋರಿಸಿದುದು, ಇವೆಲ್ಲ ಮುಗಿಯುವಷ್ಟರಲ್ಲಿ ನೀರು ಬಂದು ಹೋಗಿರುತ್ತದೆ.

ಈ ಚರಿತ್ರೆಯಿಂದ ರಾಯರು ಹೊರಡಿಸುವ ತತ್ತ್ವವು ಸರಳವಾದುದು: ಇಲ್ಲಿ ಮನೆಯು ಯಾರದೂ ಅಲ್ಲ, ಸಂಘದ್ದು, ಕೋಟಿಗಟ್ಟಲೆ ಬೆಲೆಬಾಳುವ ಕೋಣೆಗಳಲ್ಲಿ ಕಾಲು ಚಾಚಿ ಕುಳಿತ ಸದಸ್ಯನಿಗೆ ನಿಜವಾಗಿ ಇರುವುದು ತಲಾ 50 ರೂಪಾಯಿ ಮುಖಬೆಲೆಯ 5 ಷೇರುಗಳ, ಮಡಿಕೆ ಹರಿದ ಪತ್ರವೊಂದೇ. ಆದಕಾರಣ ಗೋಡೆಗೆ ಮೊಳೆ ಹೊಡೆಯುವುದಕ್ಕೂ ಅರ್ಜಿ ಬೇಕು, ಅದೂ ಎರಡು ಪ್ರತಿಗಳಲ್ಲಿ.

ರಾಯರ ಪ್ರತಿಭೆಯು ಪೂರ್ಣವಾಗಿ ಪ್ರಕಟವಾಗುವುದು ಮಳೆಗಾಲದಲ್ಲಿ. ನಮ್ಮ ಮಲಗುವ ಕೋಣೆಯ ಮೂಲೆಯಲ್ಲಿ ತೇವ ಕಾಣಿಸಿಕೊಂಡಾಗ, ಮೇಲಿನ ಮನೆಯವರ ಸ್ನಾನಗೃಹವೇ ಕಾರಣವೆಂದು ನಾವೂ, ನಮ್ಮ ಕಣ್ಣೇ ಕಾರಣವೆಂದು ಅವರೂ ವಾದಿಸುತ್ತಿರಲು, ರಾಯರು ಛತ್ರಿಯೊಡನೆ ದಯಮಾಡಿಸಿ, ಅದರ ತುದಿಯಿಂದ ಗೋಡೆಯನ್ನು ಮೂರು ಕಡೆ ತಟ್ಟಿ, ನಾಡಿ ನೋಡುವ ಪಂಡಿತರಂತೆ ಕಣ್ಣು ಮುಚ್ಚಿ ಆಲಿಸಿದರು. “ಹದಿನೆಂಟು ಅಂಗುಲದ ಗೋಡೆ, ಸ್ವಾಮಿ! ಇದು ಸ್ನಾನದ ನೀರಲ್ಲ, ಹೊರಗೋಡೆಯ ತೇವ” ಎಂದು ತೀರ್ಪಿತ್ತರು. ಹೊರಗೋಡೆಯ ರಿಪೇರಿ ಸಂಘದ ವೆಚ್ಚವಾದುದರಿಂದ ವಿಷಯವು ಸಮಿತಿಗೆ ಹೋಯಿತು. ಅಲ್ಲಿ ಅದು ದೀಪಾವಳಿಯವರೆಗೂ ವಿಶ್ರಮಿಸಿತು. ಅಷ್ಟರಲ್ಲಿ ಗೋಡೆಯು ಒಣಗಲು, ಸಮಸ್ಯೆಯು ತಾನಾಗಿಯೇ ಪರಿಹಾರವಾಗಿದೆಯೆಂದು ಕಡತ ಮುಚ್ಚಲಾಯಿತು.

ಈ ನಡುವೆ ಕಟ್ಟಡವನ್ನು ಕೆಡವಿ ಗೋಪುರವೆಬ್ಬಿಸುವ ಆಸೆ ತೋರಿಸಿಕೊಂಡು ಬಿಲ್ಡರುಗಳು ಬರತೊಡಗಿದ್ದಾರೆ. ತರುಣರಿಗೆ ಹೊಸ ಲಿಫ್ಟಿನ ಮೇಲೆ ಕಣ್ಣು. ರಾಯರು ಬಂದವರಿಗೆ ಚಹ ಕೊಟ್ಟು, ಬೈಲಾ ಓದಿ ಹೇಳಿ, ಸಾವಕಾಶವಾಗಿ ಬೀಳ್ಕೊಡುವರು. ಏಪ್ರಿಲ್ ತಿಂಗಳ ಮಧ್ಯಾಹ್ನ ಈ ಎತ್ತರದ ಮಾಳಿಗೆಯ ಕೆಳಗೆ, ಎದುರುಬದುರು ಕಿಟಕಿಗಳ ಗಾಳಿಗೆ ಮೈಯೊಡ್ಡಿ ನಿದ್ರಿಸಿದ ನಾನು ಈ ಒಂದು ವಿಷಯದಲ್ಲಿ ಅವರ ಪಕ್ಷ. ಬಹಿರಂಗವಾಗಿ ಹೇಳಿದವನಲ್ಲ, ಅಷ್ಟೆ.

ವಾರ್ಷಿಕ ಮಹಾಸಭೆಗೆ ಕೋರಂ ಎಂದೂ ಆಗುವುದಿಲ್ಲ. ಅರ್ಧ ಗಂಟೆ ಮುಂದೂಡಿದ ಸಭೆಗೆ ಕೋರಮ್ಮಿನ ಹಂಗಿಲ್ಲವೆಂಬುದನ್ನೂ, ಬಟಾಟೆವಡೆ ಬರುವುದು ಆಗಲೇ ಎಂಬುದನ್ನೂ ಬಲ್ಲ ಸದಸ್ಯರು ಅರ್ಧ ಗಂಟೆ ತಡೆದೇ ಇಳಿದು ಬರುವರು. ವರ್ಷವಿಡೀ ಮೆಟ್ಟಿಲ ಮೇಲೆ ನಿಂತು ರಾಯರನ್ನು ಬೈದವರೆಲ್ಲರೂ ಅಲ್ಲಿರುವರು. ರಾಯರು ಎದ್ದು, ಆರೋಗ್ಯದ ಕಾರಣದಿಂದ ರಾಜೀನಾಮೆ ಸಲ್ಲಿಸುತ್ತಿರುವುದಾಗಿಯೂ, ತರುಣರು ಮುಂದೆ ಬರಬೇಕಾಗಿಯೂ ಗದ್ಗದಿತರಾಗಿ ವಿಜ್ಞಾಪಿಸಿಕೊಳ್ಳುವರು. ತರುಣರು ಮೊಬೈಲು ನೋಡುವರು, ಮಧ್ಯವಯಸ್ಕರು ವಡೆಯ ತಟ್ಟೆಯನ್ನು ನೋಡುವರು. ಕಳೆದ ವರ್ಷವೂ ಹೀಗೆಯೇ ಆಗಿ, ರಾಯರು ಸರ್ವಾನುಮತದಿಂದ ಪುನಃ ಆಯ್ಕೆಯಾದರೆಂದು ನಡವಳಿ ಪುಸ್ತಕದಲ್ಲಿ ದಾಖಲಾಯಿತು. ನಡವಳಿ ಬರೆಯುವವರು ರಾಯರೇ.