ಜಿಡ್ಡು ಕುಲನಿರ್ಣಯ ಪ್ರಬಂಧ

ಪೀಠಿಕೆ: ಕೊಬ್ಬು, ಎಣ್ಣೆ, ಕೊಲೆಸ್ಟರಾಲ್ ಈ ಮೂವರೂ ಲಿಪಿಡ್ ಕುಲದವರೆಂದು ಪಠ್ಯಪುಸ್ತಕಗಳು ಸಾರುತ್ತವೆ. ಇವರು ನಿಜಕ್ಕೂ ರಕ್ತಸಂಬಂಧಿಗಳೋ, ಲಗ್ನಪತ್ರಿಕೆಯಲ್ಲಷ್ಟೇ ನೆಂಟರೋ ಎಂಬುದನ್ನು ಶಾಸ್ತ್ರೋಕ್ತವಾಗಿ ತೀರ್ಮಾನಿಸುವುದು ಈ ಪ್ರಬಂಧದ ಉದ್ದೇಶ. ಅಧ್ಯಯನದ ಅವಧಿಯಲ್ಲಿ ಪ್ರಬಂಧಕಾರನು ಸೇವಿಸಿದ ತುಪ್ಪವನ್ನು ಸಂಶೋಧನಾ ವೆಚ್ಚವೆಂದು ಪರಿಗಣಿಸತಕ್ಕದ್ದು.

ಲಕ್ಷಣ: ಪಿಷ್ಟ ಸಕ್ಕರೆಯ ಸರಪಳಿ, ಪ್ರೋಟೀನು ಅಮೈನೋ ಆಮ್ಲಗಳ ಸರಪಳಿ, ಅವಕ್ಕೆ ವಂಶಾವಳಿ ಉಂಟು. ಲಿಪಿಡ್ಡಿಗೆ ಅಂಥದ್ದನ್ನು ಯಾರೂ ಕೇಳಲಿಲ್ಲ. ನೀರಿನಲ್ಲಿ ಕರಗಬಾರದು, ಈಥರ್, ಕ್ಲೋರೋಫಾರ್ಮ್‌ಗಳಲ್ಲಿ ಕರಗಬೇಕು. ಸದಸ್ಯತ್ವಕ್ಕೆ ಅಷ್ಟೇ ಸಾಕಾಯಿತು. ನೀರಿನೊಂದಿಗೆ ಮಾತು ಬಿಟ್ಟವರೆಲ್ಲ ಸೇರಿ ಕುಲವೆಂದು ಬೋರ್ಡು ಹಾಕಿಕೊಂಡರು. ಸಮಾನ ಹಗೆಯ ಮೇಲೆ ಕಟ್ಟಿದ ಸಂಘಗಳು ಹೆಚ್ಚು ಕಾಲ ಬಾಳುತ್ತವೆಂಬುದು ಲೋಕಾನುಭವ. ಪ್ರತ್ಯಕ್ಷ ಪ್ರಮಾಣ ಬೇಕಾದವರು ಒಗ್ಗರಣೆ ಸೌಟನ್ನು ಬರಿ ನೀರಿನಲ್ಲಿ ತೊಳೆಯಲಿ: ನೀರು ಮುತ್ತುಮುತ್ತಾಗಿ ಜಾರಿಹೋಗುತ್ತದೆ, ಜಿಡ್ಡು ಕೂತಲ್ಲೇ ಕೂತಿರುತ್ತದೆ.

ಕೊಬ್ಬು-ಎಣ್ಣೆ ದಾಯಾದಿ ವ್ಯಾಜ್ಯ: ಇಬ್ಬರೂ ಟ್ರೈಗ್ಲಿಸರೈಡ್‌ಗಳೇ. ಒಂದು ಗ್ಲಿಸರಾಲ್, ಅದಕ್ಕೆ ಜೋತುಬಿದ್ದ ಮೂರು ಕೊಬ್ಬಿನಾಮ್ಲ. ಕೋಣೆಯ ಉಷ್ಣತೆಯಲ್ಲಿ ಗಟ್ಟಿಯಿದ್ದರೆ ಕೊಬ್ಬು, ಹರಿದರೆ ಎಣ್ಣೆ ಎನ್ನುತ್ತಾರೆ. ಯಾರ ಕೋಣೆ, ಯಾವ ತಿಂಗಳು ಎನ್ನುವುದಿಲ್ಲ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಮಂಗಳೂರಿನ ಸೆಖೆಯಲ್ಲಿ ಎಣ್ಣೆಯೆನಿಸಿದ್ದು ಡಿಸೆಂಬರಿನಲ್ಲಿ ಬೆಂಗಳೂರಿಗೆ ಬಂದರೆ ಬೆಳಗಾಗುವಷ್ಟರಲ್ಲಿ ಕೊಬ್ಬು. ಸೊಸೆ ಬಾಟಲಿಯನ್ನು ಬಿಸಿಲಿಗಿಟ್ಟರೆ ಎಣ್ಣೆಸ್ನಾನದ ಹೊತ್ತಿಗೆ ಮತ್ತೆ ಎಣ್ಣೆ. ವನಸ್ಪತಿಯದು ಇಂಥ ಚಂಚಲ ಸ್ವಭಾವವಲ್ಲ. ಅದು ಎಣ್ಣೆಯಾಗಿ ಹುಟ್ಟಿ, ನಿಕ್ಕಲ್ ಸಾಕ್ಷಿಯಾಗಿ ಹೈಡ್ರೋಜನ್ ದೀಕ್ಷೆ ಪಡೆದು ಕಾಯಂ ಕೊಬ್ಬಾದದ್ದು.

ಕೊಲೆಸ್ಟರಾಲ್ ಪ್ರಕರಣ: ಇದರಲ್ಲಿ ಗ್ಲಿಸರಾಲ್ ಇಲ್ಲ, ಕೊಬ್ಬಿನಾಮ್ಲವಿಲ್ಲ. 27 ಕಾರ್ಬನ್, ಒಂದಕ್ಕೊಂದು ಅಂಟಿದ ನಾಲ್ಕು ಉಂಗುರ, ಹಿಂದೊಂದು ಬಾಲ. ರಸಾಯನಶಾಸ್ತ್ರದ ಲೆಕ್ಕದಲ್ಲಿ ಒಂದು ಬಗೆಯ ಆಲ್ಕೋಹಾಲು. ಕೊಬ್ಬಿನೊಂದಿಗೇ ಒಡನಾಡಿ 102 ವರ್ಷ ಬಾಳಿದ ಫ್ರಾನ್ಸಿನ ಮಿಷೆಲ್ ಷೆವ್ರಲ್, 1815ರಲ್ಲಿ ಪಿತ್ತಕಲ್ಲಿನ ಈ ವಸ್ತುವನ್ನು ಕ್ಷಾರದ ಪರೀಕ್ಷೆಗೆ ಒಡ್ಡಿದ. ಕೊಬ್ಬಾಗಿದ್ದರೆ ಸಾಬೂನಾಗಬೇಕಿತ್ತು, ಆಗಲಿಲ್ಲ. ಆದಕಾರಣ ಇವನು ಕುಲದವನಲ್ಲ ಎಂಬುದು ಪೂರ್ವಪಕ್ಷ. ನೀರಿಗೆ ಬಗ್ಗುವುದಿಲ್ಲವಲ್ಲ, ಒಳಗೆ ಬರಲಿ ಎಂಬುದು ಸಿದ್ಧಾಂತ. ರಕ್ತವೂ ಬಹುಪಾಲು ನೀರೇ ಆದ್ದರಿಂದ ಈ ಮಹಾಶಯ ಅಲ್ಲಿ ಕಾಲು ಊರುವುದಿಲ್ಲ, ಪ್ರೋಟೀನು ಹೊದಿಸಿದ ಪಲ್ಲಕ್ಕಿಯಲ್ಲೇ ಸಂಚಾರ. ಜನ ಎಚ್‌ಡಿಎಲ್ ಒಳ್ಳೆಯದು, ಎಲ್‌ಡಿಎಲ್ ಕೆಟ್ಟದ್ದು ಎಂದು ಬೈದು ಹೊಗಳುವುದೆಲ್ಲ ಪಲ್ಲಕ್ಕಿಯನ್ನು. ಎರಡರಲ್ಲೂ ಕೂತವನು ಒಬ್ಬನೇ. ಕಡಲೆಕಾಯಿ ಎಣ್ಣೆಯ ಡಬ್ಬದ ಮೇಲೆ ‘ಕೊಲೆಸ್ಟರಾಲ್ ಮುಕ್ತ’ ಎಂದಿರುತ್ತದೆ. ಗಿಡಗಳಲ್ಲಿ ಅದು ಇರುವುದೇ ಹೆಸರಿಗಷ್ಟು. ಮಾಡದ ಸಾಲವನ್ನು ತೀರಿಸಿದ್ದಕ್ಕೂ ಸನ್ಮಾನ ಸಲ್ಲುತ್ತದೆಂದು ಇದರಿಂದ ಸಿದ್ಧವಾಯಿತು.

ಗೋತ್ರ ವಿಚಾರ: 2005ರಲ್ಲಿ ಲಿಪಿಡ್ ಮ್ಯಾಪ್ಸ್ ಬಳಗದ ವಿದ್ವಾಂಸರು ಈ ಗೊಂದಲಕ್ಕೆ ಬೇಸತ್ತು ಎಂಟು ಪಂಗಡ, ಎರಡು ಗೋತ್ರ ಗೊತ್ತುಮಾಡಿದರು. ಕೊಬ್ಬು, ಎಣ್ಣೆಗಳದು ಕೀಟೋಅಸೈಲ್ ಗೋತ್ರ. ಕೊಲೆಸ್ಟರಾಲಿನದು ಐಸೋಪ್ರೀನ್ ಗೋತ್ರ. ನಮ್ಮ ಯಕೃತ್ತಿನೊಳಗೆ ಇಣುಕಿದರೆ ಎರಡಕ್ಕೂ ಮೂಲಪುರುಷ ಒಬ್ಬನೇ, ಅಸಿಟೈಲ್ ಕೋಎ. ಇಷ್ಟು ಸಿಕ್ಕಿದ್ದೇ ಕುಲಾಭಿಮಾನಿಗಳು ಹಿಗ್ಗಬಹುದು. ಆದರೆ ಆ ಮೂಲಪುರುಷನನ್ನು ಹಡೆಯುವವರಲ್ಲಿ ಸಕ್ಕರೆಯೂ ಒಬ್ಬಳು! ನೀರಿನಲ್ಲಿ ಸಲೀಸಾಗಿ ಕರಗುವವಳು, ಮುಂಬಾಗಿಲಲ್ಲಿ ಪ್ರವೇಶವಿಲ್ಲದವಳು. ಅತಿಯಾಗಿ ತಿಂದರೆ ಹಿತ್ತಲಿನಿಂದ ಬಂದು ಟ್ರೈಗ್ಲಿಸರೈಡ್ ಎಂಬ ಹೆಸರಿನಲ್ಲಿ ಯಜಮಾನಿಕೆಯನ್ನೇ ಹಿಡಿಯುತ್ತಾಳೆ.

ಫಲಶ್ರುತಿ: ತುಪ್ಪ ಬಿಟ್ಟಿದ್ದೇನೆಂದು ಪಂಕ್ತಿಯಲ್ಲಿ ಸಾರಿ, ಜಾಮೂನಿನ ಪಾಕವನ್ನು ಬಟ್ಟಲೆತ್ತಿ ಕುಡಿಯುವ ಮಹನೀಯರು ಈ ಪ್ರಬಂಧವನ್ನು ಬೆಳಗಿನ ಜಾವ, ಖಾಲಿ ಹೊಟ್ಟೆಯಲ್ಲಿ, ಲಿಪಿಡ್ ಪ್ರೊಫೈಲ್ ಪರೀಕ್ಷೆಯ ಸರದಿಯಲ್ಲಿ ಕೂತು ಪಠಿಸತಕ್ಕದ್ದು.