ಕಲ್ಯಾಣಮಂಟಪದಲ್ಲಿ ರಿವ್ಯೂ ಮೀಟಿಂಗ್

(ಲೇಪಾಕ್ಷಿಯ ವೀರಭದ್ರ ದೇಗುಲ. ಪ್ರಾಜೆಕ್ಟ್ ನಡೆಸೋದನ್ನು ಕಲಿಸಲು ಬೆಂಗಳೂರಿನಿಂದ ತಂಡ ಕರೆತಂದ ಸಾಫ್ಟ್‌ವೇರ್ ಮ್ಯಾನೇಜರ್, ಜೊತೆಗೆ ಊರಿನ ಗೈಡ್ ತಾತ.)

ಮ್ಯಾನೇಜರ್: ತಾತ, ಈ ಮಂಟಪಕ್ಕೆ ಚಾವಣಿ ಯಾಕಿಲ್ಲ?

ತಾತ: ಅರ್ಧಕ್ಕೇ ನಿಂತೋಯ್ತು ಸಾಮಿ. ಅಚ್ಯುತರಾಯರ ಕಾಲ. ಖಜಾನೆ ನೋಡ್ಕೊಳ್ತಿದ್ದ ವಿರೂಪಣ್ಣ ರಾಜರನ್ನ ಕೇಳ್ದೆ ದುಡ್ಡು ಸುರಿದನಂತೆ.

ಮ್ಯಾನೇಜರ್: ಬಜೆಟ್‌ಗೆ ಅಪ್ರೂವಲ್ ಇರ್ಲಿಲ್ಲ! ಬರ್ಕೊಳ್ರೋ. ರಿವ್ಯೂನಲ್ಲಿ ಏನಾಯ್ತು?

ತಾತ: ರಾಜರು ಶಿಕ್ಷೆ ಕೊಡೋ ಮೊದ್ಲೇ ತಾನೇ ಕಣ್ಣು ಕಿತ್ತು ಗೋಡೆಗೆ ಎಸೆದನಂತೆ. ಆ ಕೆಂಪು ಕಲೆ ಅದೇ ಅಂತಾರೆ.

ಮ್ಯಾನೇಜರ್: ನಮ್ಮೋರು ಕಣ್ಣಿದ್ದೂ ಡ್ಯಾಶ್‌ಬೋರ್ಡ್ ನೋಡಲ್ಲ. ಇನ್ನೊಂದಷ್ಟು ಶಿಲ್ಪಿಗಳನ್ನ ಹಾಕಿದ್ರೆ ಮುಗೀತಿತ್ತು.

ಟೆಸ್ಟರ್ ಹುಡುಗಿ: ಸಾರ್, ತಡವಾದ ಪ್ರಾಜೆಕ್ಟ್‌ಗೆ ಜನ ಸೇರಿಸಿದ್ರೆ ಇನ್ನೂ ತಡ ಆಗುತ್ತೆ ಅಂತ ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದಿದ್ದಾರೆ. ಹೊಸಬರಿಗೆ ಕಲಿಸೋದ್ರಲ್ಲೇ ಹಳಬರ ದಿನ ಹೋಗುತ್ತೆ.

ಮ್ಯಾನೇಜರ್: ಅದನ್ನ ಓದೋಕೆ ಇಬ್ಬರನ್ನ ಹಾಕೋಣ. ತಾತ, ಅಲ್ಲಿ ಕಂಬದಡಿ ಟವೆಲ್ ತೂರಿಸ್ತಿದ್ದಾರಲ್ಲ?

ತಾತ: ಆ ಕಂಬ ಪೂರ್ತಿ ನೆಲ ಮುಟ್ಟಲ್ಲ ಸಾಮಿ. ಯಾರೋ ಬ್ರಿಟಿಷ್ ಎಂಜಿನಿಯರ್ ಕದಲಿಸೋಕೆ ಹೋದ್ರೆ ಮಿಕ್ಕ ಕಂಬಗಳೂ ಅಲುಗಿದವಂತೆ.

ಹುಡುಗಿ: ನಮ್ಮ ಹಳೇ ಕೋಡ್ ಥರ. ಏನು ಹೊತ್ತಿದೆಯೋ ಗೊತ್ತಿಲ್ಲ, ಮುಟ್ಟೋಕೆ ಭಯ.

ಮ್ಯಾನೇಜರ್: ಸರಿ, ಈ ಮಂಟಪ ಮುಗಿಸೋಕೆ ಎಷ್ಟು ದಿನ? ನಾನು ಎರಡು ವಾರ ಅಂತ ಹಾಕಿದೀನಿ.

ತಾತ: ಕೆತ್ತೋರು ಯಾರು ಸಾಮಿ?

ಮ್ಯಾನೇಜರ್: ಅದು ಮುಂದಿನ ಮೀಟಿಂಗ್‌ನಲ್ಲಿ.